ಬಿಡುವಿನ ಓದಿಗೆ ಎರವಲು ಪುಸ್ತಕ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯಗಳು

ಪರೀಕ್ಷೆಯ ಹಂಗಿಲ್ಲದೆ, ಕಚೇರಿ ಕೆಲಸದ ಒತ್ತಾಯವಿಲ್ಲದೆ, ಮನಸ್ಸಿಗೆ ಹಿಡಿಸಿತೆಂದು ಓದುವ ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯದಿಂದ ಮನೆಗೆ ಒಯ್ದು, ಗೊತ್ತುಮಾಡಿದ ದಿನದೊಳಗೆ ಹಿಂದಿರುಗಿಸುವ ಪದ್ಧತಿ. ಕಾದಂಬರಿ, ಸಣ್ಣಕತೆ, ಪ್ರವಾಸಕಥನ, ಆತ್ಮಕತೆ, ಹಾಸ್ಯ, ಪತ್ತೇದಾರಿ, ಶಿಕಾರಿ ಕತೆ, ಮಕ್ಕಳ ಚಿತ್ರಪುಸ್ತಕ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕದಲ್ಲಿ ಈ ಸೌಲಭ್ಯಕ್ಕೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಆಧಾರವಿದೆ. ಜನರು ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಗ್ರಂಥಾಲಯ ಕರ ಅದಕ್ಕೆ ಹಣ ಒದಗಿಸುತ್ತದೆ. ಹೀಗಾಗಿ ಎರವಲು ಪಡೆದ ಕಾದಂಬರಿ ಯಾರ ಉಪಕಾರವೂ ಅಲ್ಲ. ಓದುಗರು ಮುಂಗಡವಾಗಿಯೇ ಬೆಲೆ ತೆತ್ತಿರುವ ಸೇವೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರ ಆಗಸ್ಟ್ 15ರಂದು ಹಳೆಯ ಬೆಂಗಳೂರು ಜಿಲ್ಲೆಯಿಂದ ಬೇರೆಯಾಯಿತು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. 2025ರಲ್ಲಿ ರಾಜ್ಯ ಸಚಿವ ಸಂಪುಟ ಇದಕ್ಕೆ ಬೆಂಗಳೂರು ಉತ್ತರ ಜಿಲ್ಲೆ ಎಂದು ಹೆಸರಿಡಲು ಒಪ್ಪಿತು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 9,90,923. ಸಾಕ್ಷರತೆ ಶೇ 78ರ ಸನಿಹ. ಅದೇ ಗಣತಿಯಲ್ಲಿ ಗಂಡಸರ ಸಾಕ್ಷರತೆ ಶೇ 85ರಷ್ಟಿದ್ದರೆ ಹೆಂಗಸರದು ಶೇ 71ರ ಆಸುಪಾಸಿನಲ್ಲಿತ್ತು. ಜಿಲ್ಲೆಯ ಗ್ರಂಥಾಲಯಗಳ ಮುಂದಿರುವ ಕೆಲಸದ ಅಗಾಧತೆಯನ್ನು ಈ ಅಂತರವೇ ಹೇಳುತ್ತದೆ.

ಕಾಯಿದೆಗೆ ಮುಂಚೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಸಾರ್ವಜನಿಕ ಗ್ರಂಥಾಲಯದ ಕಲ್ಪನೆಗೆ ಸರ್ಕಾರದ ಬೆಂಬಲ ದೊರೆತದ್ದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಸಾರ್ವಜನಿಕ ಗ್ರಂಥಾಲಯಗಳು ತೆರೆದುಕೊಂಡವು. ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕವಾಗಿ ಎದ್ದ ಕೆಂಪು ಕಟ್ಟಡ ಇಂದು ರಾಜ್ಯ ಕೇಂದ್ರ ಗ್ರಂಥಾಲಯದ ನೆಲೆ. ಅದೇ ಕಾಲದಲ್ಲಿ ಬರೋಡಾ ಸಂಸ್ಥಾನದ ಸಯಾಜಿರಾವ್ ಗಾಯಕ್‌ವಾಡರು ಅಮೆರಿಕದಿಂದ ಗ್ರಂಥಪಾಲಕರನ್ನು ಕರೆಸಿ, ಹಳ್ಳಿಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವ ಏರ್ಪಾಡು ಮಾಡಿದ್ದರು. ಮೈಸೂರಿನ ಹಳ್ಳಿಗಳಿಗೆ ಇಂಥ ಗಮನ ಸಿಕ್ಕಲು ಇನ್ನಷ್ಟು ವರ್ಷ ಕಾಯಬೇಕಾಯಿತು. 1940ರ ದಶಕದಲ್ಲಿ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಗ್ರಾಮಗಳಲ್ಲಿ ಸಣ್ಣ ಪುಸ್ತಕಭಂಡಾರಗಳನ್ನು ತೆರೆಯಿತು. ಹೊಸದಾಗಿ ಅಕ್ಷರ ಕಲಿತವರು ಅದನ್ನು ಮರೆಯದಿರಲೆಂದು ‘ಬೆಳಕು’ ವಾರಪತ್ರಿಕೆಯನ್ನು ನಡೆಸಿತು, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ತಂದಿತು.

ಆದರೆ ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದವರು ಮುಖ್ಯವಾಗಿ ಲೇಖಕರು, ಪ್ರಕಾಶಕರು ಮತ್ತು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯವರು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ಬೆಳೆಯಿತು. ಅ.ನ. ಕೃಷ್ಣರಾಯರ ಹೊತ್ತಿಗೆ ಕಾದಂಬರಿ ಮಧ್ಯಮವರ್ಗದ ಮನೆಗಳ ದಿನನಿತ್ಯದ ಸಂಗಾತಿಯಾಗಿತ್ತು.

ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲ

ಟಿ.ವಿ. ಮನೆಮನೆಗೆ ಬರುವ ಮುಂಚಿನ ಮೂರು ನಾಲ್ಕು ದಶಕ ಕರ್ನಾಟಕದ ಪಟ್ಟಣಗಳಲ್ಲಿ ‘ಸರ್ಕ್ಯುಲೇಟಿಂಗ್ ಲೈಬ್ರರಿ’ ಎಂಬ ಬೋರ್ಡು ಹೊತ್ತ ಪುಟ್ಟ ಅಂಗಡಿಗಳು ಸಾಮಾನ್ಯವಾಗಿದ್ದವು. ಒಂದಿಷ್ಟು ಡೆಪಾಸಿಟ್ ಕಟ್ಟಿ, ದಿನಕ್ಕೋ ವಾರಕ್ಕೋ ಇಷ್ಟು ಪೈಸೆಯಂತೆ ಬಾಡಿಗೆ ಕೊಟ್ಟು ಪುಸ್ತಕ ತರುವುದು ಅಲ್ಲಿನ ರೂಢಿ. ಗೋಣಿದಾರದಲ್ಲಿ ಹೊಲಿದ, ದಪ್ಪ ರಟ್ಟು ಹಾಕಿದ ಆ ಪುಸ್ತಕಗಳು ನೂರಾರು ಕೈ ದಾಟುತ್ತಿದ್ದವು. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆಯವರ ಕಾದಂಬರಿಗಳಿಗೂ, ತ.ರಾ.ಸು. ಅವರ ದುರ್ಗದ ಐತಿಹಾಸಿಕ ಕಾದಂಬರಿಗಳಿಗೂ, ಎನ್. ನರಸಿಂಹಯ್ಯನವರ ಪತ್ತೇದಾರಿಗೂ ಸದಾ ಬೇಡಿಕೆಯಿತ್ತು. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳ ಅನುವಾದಗಳು ಈ ಸಾಲಿಗೆ ಸೇರಿದವು.

ಇದರ ಪಕ್ಕದಲ್ಲೇ ಇನ್ನೊಂದು ಗೃಹೋದ್ಯಮವೂ ನಡೆಯುತ್ತಿತ್ತು. ಸುಧಾ, ಪ್ರಜಾಮತ, ತರಂಗ ವಾರಪತ್ರಿಕೆಗಳಲ್ಲಿ ಬಂದ ಧಾರಾವಾಹಿಗಳ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ಬೈಂಡ್ ಮಾಡಿಸಿ, ನೆರೆಹೊರೆಯವರಿಗೆ ಓದಲು ಕೊಡುತ್ತಿದ್ದ ಮನೆಗಳು ಅಸಂಖ್ಯ. ಸರ್ಕಾರದ ಗ್ರಂಥಾಲಯ ತಲುಪದಿದ್ದ ಕಡೆ ಬಿಡುವಿನ ಓದನ್ನು ಕಾಪಾಡಿದ್ದು ಈ ಬಗೆಯ ಕೈಬದಲು.

ಕೇಬಲ್ ಟಿ.ವಿ. ಹರಡಿ, ದೈನಿಕ ಧಾರಾವಾಹಿಗಳು ಸಂಜೆಯ ಹೊತ್ತನ್ನು ಆಕ್ರಮಿಸಿದ ಮೇಲೆ ಬಾಡಿಗೆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿನ ಓದುಗರಿಗೆ ಉಳಿದ ಆಸರೆ ಸಾರ್ವಜನಿಕ ಗ್ರಂಥಾಲಯವೇ. ಬಾಡಿಗೆ ಅಂಗಡಿಯ ಯಜಮಾನರಿಗೆ ಗಿರಾಕಿಯ ಇಷ್ಟ ತಿಳಿದಿರುತ್ತಿತ್ತು. ಹೊಸ ಪುಸ್ತಕ ಬಂದ ವಾರವೇ ತೆಗೆದಿಟ್ಟು ಕೊಡುತ್ತಿದ್ದರು. ಸರ್ಕಾರಿ ವ್ಯವಸ್ಥೆ ಈ ಎರಡು ಗುಣಗಳನ್ನು ಎಷ್ಟರಮಟ್ಟಿಗೆ ಮೈಗೂಡಿಸಿಕೊಂಡಿದೆ ಎಂಬುದರ ಮೇಲೆ ಅದರ ಯಶಸ್ಸನ್ನು ಅಳೆಯಬೇಕಾಗುತ್ತದೆ.

ಕಾಯಿದೆ ಮತ್ತು ಕರ

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1931ರಲ್ಲಿ ಅವರು ಮಂಡಿಸಿದ ಪಂಚಸೂತ್ರಗಳ ಸಾರ ಇಷ್ಟು: ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಓದುಗ ಸಿಗಬೇಕು, ಓದುಗನ ಸಮಯ ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು. ಎರವಲು ಪದ್ಧತಿಯ ಸಮರ್ಥನೆ ಈ ಮೊದಲ ಸೂತ್ರದಲ್ಲೇ ಅಡಗಿದೆ. ಬೀಗ ಹಾಕಿದ ಬೀರುವಿನಲ್ಲಿ ಭದ್ರವಾಗಿರುವ ಪುಸ್ತಕದಿಂದ ಯಾರಿಗೂ ಪ್ರಯೋಜನವಿಲ್ಲ.

ಗ್ರಂಥಾಲಯಕ್ಕೆ ಶಾಸನದ ಬಲ ಬೇಕೆಂದು ಅವರು ಜೀವನವಿಡೀ ವಾದಿಸಿದರು. ಅವರ ಪ್ರಯತ್ನದಿಂದ 1948ರಲ್ಲಿ ಮದರಾಸು ಪ್ರಾಂತ್ಯ ದೇಶದ ಮೊದಲ ಪ್ರಮುಖ ಗ್ರಂಥಾಲಯ ಕಾಯಿದೆಯನ್ನು ಪಡೆಯಿತು. ಅಂದಿನ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಅಂಗೀಕಾರವಾಗಿ, 1966ರ ನವೆಂಬರ್ 1ರಿಂದ ಜಾರಿಗೆ ಬಂತು. ಗ್ರಂಥಾಲಯಕ್ಕೆಂದೇ ಒಂದು ಸ್ವತಂತ್ರ ಇಲಾಖೆ, ರಾಜ್ಯ ಮಟ್ಟದಲ್ಲಿ ಪ್ರಾಧಿಕಾರ, ನಗರ ಮತ್ತು ಜಿಲ್ಲೆಗಳಿಗೆ ಬೇರೆ ಬೇರೆ ಗ್ರಂಥಾಲಯ ಪ್ರಾಧಿಕಾರಗಳು ರೂಪುಗೊಂಡವು. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡಬೇಕೆಂದು ವಿಧಿಸಲಾಯಿತು. ಈಗ ಅದರ ದರ ತೆರಿಗೆಯ ಶೇ 6. ನೆಲಮಂಗಲದ ಮನೆಯ ಯಜಮಾನರಿಂದ ಹಿಡಿದು ದಾಬಸ್‌ಪೇಟೆಯ ಕಾರ್ಖಾನೆ, ವಿಮಾನನಿಲ್ದಾಣದ ಆಸುಪಾಸಿನ ಬಡಾವಣೆಗಳವರೆಗೆ ತೆರಿಗೆ ಕಟ್ಟುವ ಎಲ್ಲರೂ ಈ ಕರಕ್ಕೆ ಒಳಪಟ್ಟವರು.

ಪಕ್ಕದ ಕೇರಳದ ದಾರಿ ಬೇರೆ. ಅಲ್ಲಿ ಪಿ.ಎನ್. ಪಣಿಕ್ಕರ್ ಅವರ ನೇತೃತ್ವದ ಗ್ರಂಥಶಾಲಾ ಚಳವಳಿಯಿಂದ ಊರವರೇ ಕಟ್ಟಿ ನಡೆಸುವ ವಾಚನಾಲಯಗಳು ಬೆಳೆದವು. ಕಾಸರಗೋಡಿನ ಕನ್ನಡ ವಾಚನಾಲಯಗಳಿಗೂ ಅದೇ ಪರಂಪರೆಯ ನೆರಳಿದೆ. ಕರ್ನಾಟಕದಲ್ಲಿ ಸರ್ಕಾರ ಮುಂದಾಯಿತು, ಊರು ಹಿಂದೆ ನಿಂತಿತು. ಕಟ್ಟಡ, ಸಿಬ್ಬಂದಿ, ಹಣದ ಖಾತರಿ ಇದರಿಂದ ದಕ್ಕಿದರೂ ‘ಇದು ನಮ್ಮ ಲೈಬ್ರರಿ’ ಎಂಬ ಭಾವನೆ ಅಷ್ಟಾಗಿ ಬೇರೂರಲಿಲ್ಲ.

ಜಿಲ್ಲೆಯ ಗ್ರಂಥಾಲಯ ಜಾಲ

ಜಿಲ್ಲೆಯಲ್ಲಿ ಎರಡು ಇಲಾಖೆಗಳ ಗ್ರಂಥಾಲಯಗಳು ಕೆಲಸ ಮಾಡುತ್ತವೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಆಡಳಿತಕ್ಕೆ ಒಳಪಟ್ಟ ಪಟ್ಟಣಗಳ ಶಾಖಾ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದವು. ಹಳ್ಳಿಗಳ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಆಗ ರಾಜ್ಯದಾದ್ಯಂತ ಇಂಥ 5,600ಕ್ಕೂ ಹೆಚ್ಚು ಗ್ರಂಥಾಲಯಗಳಿದ್ದವು. ‘ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ ಎಂಬ ಹೆಸರಿನ ಜೊತೆಗೆ ಈಗ ಬೋರ್ಡುಗಳ ಮೇಲೆ ಕಾಣುವುದು ‘ಅರಿವು ಕೇಂದ್ರ’. ಇವುಗಳನ್ನು ನೋಡಿಕೊಳ್ಳುವವರು ಗ್ರಂಥಾಲಯ ಮೇಲ್ವಿಚಾರಕರು. ಬಾಗಿಲು ತೆರೆಯುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಕೊಡುವುದು, ಮಕ್ಕಳಿಗೆ ಕತೆ ಓದಿ ಹೇಳುವುದು ಎಲ್ಲವೂ ಬಹುಪಾಲು ಒಬ್ಬರ ಹೆಗಲ ಮೇಲೆಯೇ.

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ, ಮಧುರೆ, ಸಾಸಲು, ದೊಡ್ಡಬೆಳವಂಗಲ. ದೇವನಹಳ್ಳಿಯ ಕುಂದಾಣ, ಚನ್ನರಾಯಪಟ್ಟಣ, ವಿಜಯಪುರ. ಹೊಸಕೋಟೆಯ ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ. ನೆಲಮಂಗಲದ ಸೋಂಪುರ, ತ್ಯಾಮಗೊಂಡ್ಲು, ಇವು ಈ ಜಿಲ್ಲೆಯ ಹೋಬಳಿಗಳು. ಇವುಗಳ ನಡುವಿನ ದೂರ ಹೆಚ್ಚಿಲ್ಲ, ಬದುಕಿನ ರೀತಿ ಮಾತ್ರ ಬಹಳ ಬೇರೆ. ಒಂದೆಡೆ ರೇಷ್ಮೆ ಮತ್ತು ದ್ರಾಕ್ಷಿ ತೋಟ, ಇನ್ನೊಂದೆಡೆ ವಿದ್ಯುತ್ ಮಗ್ಗ, ಮತ್ತೊಂದೆಡೆ ಗೋದಾಮು ಮತ್ತು ಕಾರ್ಖಾನೆ.

ಮನೆಗೆ ಒಯ್ಯುವ ಪುಸ್ತಕದ ಮಹತ್ವ

ಬಿಡುವಿನ ಓದಿನ ವಿಷಯದಲ್ಲಿ ಈ ಜಿಲ್ಲೆಯ ದುಡಿಮೆಯ ಗಡಿಯಾರವನ್ನು ಗಮನಿಸಲೇಬೇಕು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಹಗಲಿಡೀ ಲಾಳಿಯ ಸದ್ದು. ನೇಕಾರರಿಗೆ ಬಿಡುವು ಸಿಗುವುದು ಕರೆಂಟು ಹೋದಾಗ ಅಥವಾ ರಾತ್ರಿ ಮಗ್ಗ ನಿಂತ ಮೇಲೆ. ವಿಜಯಪುರದ ಕಡೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವ ಕೆಲಸ ತುಸು ನಿಲ್ಲುತ್ತದೆ, ಆಮೇಲೆ ಮತ್ತೆ ಹಗಲುರಾತ್ರಿ ದುಡಿಮೆ. ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆಯ ಕಾರ್ಖಾನೆಗಳಲ್ಲಿ ಶಿಫ್ಟ್ ಲೆಕ್ಕ. 2008ರಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನನಿಲ್ದಾಣ ಆರಂಭವಾದ ಮೇಲೆ ರಾತ್ರಿಪಾಳಿಯ ನೌಕರರ ದೊಡ್ಡ ವರ್ಗವೇ ಬೆಳೆಯಿತು. ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ, ರೈಲಿನಲ್ಲಿ ಹೋಗಿಬರುವವರು ಗ್ರಂಥಾಲಯ ತೆರೆಯುವ ಮುಂಚೆ ಊರು ಬಿಟ್ಟು, ಮುಚ್ಚಿದ ಮೇಲೆ ಮರಳುತ್ತಾರೆ.

ಇಂಥವರಿಗೆ ವಾಚನಾಲಯದ ಬೆಂಚು ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಭಾನುವಾರ ಒಮ್ಮೆ ಹೋಗಿ ತಂದ ಪುಸ್ತಕ ಮಾತ್ರ ಅವರ ಜೊತೆ ವಾರವಿಡೀ ಇರಬಲ್ಲದು. ಯಲಹಂಕದ ರೈಲಿನಲ್ಲಿ ಹತ್ತು ಪುಟ, ಮಗ್ಗ ನಿಂತಾಗ ಹತ್ತು ಪುಟ, ಮಕ್ಕಳು ಮಲಗಿದ ಮೇಲೆ ಇನ್ನೈದು ಪುಟ. ದುಡಿಯುವವರ ಓದು ಸಾಗುವುದೇ ಹೀಗೆ. ಆದ್ದರಿಂದ ಕುಳಿತು ಓದುವ ಸೌಲಭ್ಯಕ್ಕಿಂತ ಎರವಲು ಸೌಲಭ್ಯ ಈ ಜಿಲ್ಲೆಗೆ ಹೆಚ್ಚು ಅಗತ್ಯ.

ಹೆಂಗಸರ ಮಟ್ಟಿಗೆ ಈ ಮಾತು ಇನ್ನಷ್ಟು ನಿಜ. ಹಳ್ಳಿಯ ವಾಚನಾಲಯದಲ್ಲಿ ಬೆಳಗ್ಗೆ ದಿನಪತ್ರಿಕೆ ಹಿಡಿದು ಕೂರುವವರು ಬಹುತೇಕ ಗಂಡಸರು. ಮನೆಗೆಲಸ, ಹೈನು, ಹೊಲದ ನಡುವೆ ಹೊರಗೆ ಕೂತು ಓದುವ ಪುರುಸೊತ್ತು ಹೆಂಗಸರಿಗೆ ವಿರಳ. ಮಗಳೋ ಮೊಮ್ಮಗನೋ ತನ್ನ ಕಾರ್ಡಿನಲ್ಲಿ ಅಮ್ಮನಿಗೋ ಅಜ್ಜಿಗೋ ಪುಸ್ತಕ ತಂದುಕೊಡುವುದು ಇದಕ್ಕೆ ಸುಲಭ ಉಪಾಯ. ಮಕ್ಕಳ ಕೈಯಲ್ಲಿ ತಾಯಂದಿರಿಗೆ ಪುಸ್ತಕ ಕಳಿಸುವ ಪ್ರಯತ್ನಗಳನ್ನು ಪಂಚಾಯಿತಿ ಗ್ರಂಥಾಲಯಗಳೂ ಮಾಡಿವೆ. ಇದು ವರ್ಷಪೂರ್ತಿ ನಡೆಯಬೇಕಾದ ಕೆಲಸ.

ಸದಸ್ಯತ್ವ ಮತ್ತು ಪುಸ್ತಕ ಪಡೆಯುವ ಕ್ರಮ

ಗ್ರಂಥಾಲಯದೊಳಗೆ ಕೂತು ಪತ್ರಿಕೆ, ಪುಸ್ತಕ ಓದಲು ಯಾರ ಅಪ್ಪಣೆಯೂ ಬೇಡ. ಮನೆಗೆ ಒಯ್ಯಲು ಸದಸ್ಯರಾಗಬೇಕು. ಅರ್ಜಿ, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಒಂದು ಸಣ್ಣ ಠೇವಣಿ ಕೊಟ್ಟರೆ ಕಾರ್ಡ್ ಸಿಗುತ್ತದೆ. ಸದಸ್ಯತ್ವ ಬೇಡವೆನಿಸಿದಾಗ ಠೇವಣಿ ವಾಪಸು ಪಡೆಯಬಹುದು. ಹಿಂದೆ ಪತ್ರಾಂಕಿತ ಅಧಿಕಾರಿಯ ಇಲ್ಲವೇ ಪರಿಚಿತ ಗಣ್ಯರ ಜಾಮೀನು ಸಹಿ ಕೇಳುವ ರೂಢಿ ವ್ಯಾಪಕವಾಗಿತ್ತು. ಕೂಲಿಕಾರರು, ಬಾಡಿಗೆ ಮನೆಯವರು ಗ್ರಂಥಾಲಯದ ಮೆಟ್ಟಿಲು ಹತ್ತದೆ ಉಳಿದುದಕ್ಕೆ ಈ ಸಹಿಯೂ ಒಂದು ಕಾರಣ. ಊರೂರಿನಿಂದ ಬಂದು ನೆಲೆಸಿದ ಕಾರ್ಮಿಕರು ತುಂಬಿರುವ ಜಿಲ್ಲೆಯಲ್ಲಿ ಆಧಾರ್‌ನಂಥ ಒಂದು ದಾಖಲೆ ಸಾಕೆನ್ನುವುದು ನ್ಯಾಯವಾದ ನಿಲುವು.

ಪುಸ್ತಕ ಕೊಡುವ ಕ್ರಮ ಸರಳ. ಪ್ರತಿ ಪುಸ್ತಕಕ್ಕೂ ಒಂದು ದಾಖಲಾತಿ ಸಂಖ್ಯೆ ಇರುತ್ತದೆ. ಒಳರಟ್ಟಿಗೆ ಪುಟ್ಟ ಜೇಬು, ಎದುರಿನ ಹಾಳೆಯಲ್ಲಿ ದಿನಾಂಕದ ಚೀಟಿ. ಹಳೆಯ ಪದ್ಧತಿಯಲ್ಲಿ ಪುಸ್ತಕದ ಕಾರ್ಡನ್ನು ಸದಸ್ಯರ ಟಿಕೆಟ್ಟಿನೊಳಗೆ ಸೇರಿಸಿ, ಹಿಂದಿರುಗಿಸುವ ದಿನದ ಪ್ರಕಾರ ಮರದ ಟ್ರೇಯಲ್ಲಿ ಜೋಡಿಸುತ್ತಿದ್ದರು. ದೊಡ್ಡ ಗ್ರಂಥಾಲಯಗಳು ಕಂಪ್ಯೂಟರಿಗೆ ಬದಲಾಗಿವೆ. ಹಳ್ಳಿಯಲ್ಲಿ ರಿಜಿಸ್ಟರಿನಲ್ಲಿ ಹೆಸರು, ಪುಸ್ತಕ, ತಾರೀಕು ಬರೆದು ಸಹಿ ಹಾಕಿಸಿಕೊಳ್ಳುವುದೇ ಹೆಚ್ಚು ನಂಬಿಕೆಯ ದಾರಿ. ಸಾಮಾನ್ಯ ಅವಧಿ 15 ದಿನ. ಬೇರೆ ಯಾರೂ ಕೇಳಿರದಿದ್ದರೆ ಅದನ್ನು ಮುಂದುವರಿಸಿಕೊಳ್ಳಬಹುದು. ತಡವಾದರೆ ಸಣ್ಣ ದಂಡ. ಕಳೆದುಹೋದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ಇಲ್ಲವೇ ಬೆಲೆ ಕಟ್ಟಿಕೊಡಬೇಕು. ನಿಘಂಟು, ವಿಶ್ವಕೋಶ, ಗ್ಯಾಸೆಟಿಯರ್‌ನಂಥ ಪರಾಮರ್ಶನ ಗ್ರಂಥಗಳನ್ನು ಹೊರಗೆ ಕೊಡುವುದಿಲ್ಲ. ಸೋಮವಾರ ವಾರದ ರಜೆ. ಭಾನುವಾರ ತೆರೆದಿರುವುದೇ ದುಡಿಯುವ ಓದುಗರಿಗೆ ದೊಡ್ಡ ಅನುಕೂಲ.

ಪುಸ್ತಕ ಹುಡುಕಲು ವರ್ಗೀಕರಣ ಸಂಖ್ಯೆ ನೆರವಾಗುತ್ತದೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಅದರ ಮುಂದೆ 3 ಸೇರಿದರೆ ಕತೆ ಕಾದಂಬರಿ, 1 ಸೇರಿದರೆ ಕವಿತೆ, 2 ಸೇರಿದರೆ ನಾಟಕ. ಸಣ್ಣ ಗ್ರಂಥಾಲಯದಲ್ಲಿ ಇಷ್ಟು ಸೂಕ್ಷ್ಮ ವಿಂಗಡಣೆ ಬೇಕಿಲ್ಲ. ಲೇಖಕರ ಹೆಸರಿನ ಪ್ರಕಾರ ಜೋಡಿಸಿದ ತೆರೆದ ಕಪಾಟುಗಳಿದ್ದರೆ ಸಾಕು. ಓದುಗರು ತಾವೇ ಮುಟ್ಟಿ, ತೆರೆದು, ಒಂದೆರಡು ಪುಟ ಓದಿ ಆರಿಸಿಕೊಳ್ಳಬೇಕು. ಗಾಜಿನ ಬೀರುವಿಗೆ ಬೀಗ ಹಾಕಿ ಕೀಲಿ ಮೇಜಿನ ಖಾನೆಯಲ್ಲಿಟ್ಟರೆ, ಹೆಸರು ಗೊತ್ತಿಲ್ಲದ ಪುಸ್ತಕವನ್ನು ಕೇಳುವ ಧೈರ್ಯ ಹೊಸ ಓದುಗರಿಗೆ ಬರುವುದಿಲ್ಲ.

ಕಪಾಟಿನಲ್ಲಿ ಏನಿರಬೇಕು

ಬಿಡುವಿನ ಓದಿಗೆ ಕನ್ನಡದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಎಸ್.ಎಲ್. ಭೈರಪ್ಪನವರ ‘ಪರ್ವ’ದಂಥ ಬೃಹತ್ ಕಾದಂಬರಿಗಳನ್ನು ಕೊಳ್ಳುವ ಮುಂಚೆ ಅನೇಕರು ಓದುವುದು ಗ್ರಂಥಾಲಯದ ಪ್ರತಿಯಲ್ಲೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ‘ಜುಗಾರಿ ಕ್ರಾಸ್’ ಹಾಗೂ ಕೆನೆತ್ ಆ್ಯಂಡರ್ಸನ್ನನ ಬೇಟೆಯ ಅನುಭವಗಳಿಂದ ಅವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಹದಿಹರೆಯದವರನ್ನು ಓದಿಗೆ ಎಳೆಯಬಲ್ಲ ಪುಸ್ತಕಗಳು. ಬೀchiಯವರ ಹಾಸ್ಯ, ವಸುಧೇಂದ್ರರ ಕತೆ, ಪ್ರಬಂಧ ಇಂಥ ಕಪಾಟಿಗೆ ಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡ ಕತೆಗಾರ್ತಿಯೊಬ್ಬರ ಹೆಸರು ಲೋಕದ ಎಲ್ಲ ಕಡೆ ಕೇಳಿಬಂತು. ಸುದ್ದಿ ಓದಿದ ವಾರವೇ ಅವರ ಕನ್ನಡ ಕಥಾಸಂಕಲನ ಸೂಲಿಬೆಲೆಯ ಓದುಗರ ಕೈಗೂ ಸಿಗುವಂತಿರುವುದು ಒಳ್ಳೆಯ ಗ್ರಂಥಾಲಯದ ಲಕ್ಷಣ.

ಮಕ್ಕಳ ಕಪಾಟು ಇನ್ನೂ ಮುಖ್ಯ. ಶಿವರಾಮ ಕಾರಂತರ ‘ಬಾಲ ಪ್ರಪಂಚ’, ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಸಂಪುಟಗಳು ಒಂದು ತಲೆಮಾರನ್ನು ಬೆಳೆಸಿದವು. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ಯ ಕಿರುಹೊತ್ತಗೆಗಳನ್ನು ಶಾಲೆಯ ಮಕ್ಕಳು ಒಂದರ ಹಿಂದೆ ಒಂದು ಓದಿ ಮುಗಿಸುತ್ತಿದ್ದರು. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕಡಿಮೆ ಬೆಲೆಯ ಬಣ್ಣದ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ತರುತ್ತಿದೆ. ಉಪದೇಶ ತುಂಬಿದ, ಬಣ್ಣವಿಲ್ಲದ, ಸಣ್ಣ ಅಕ್ಷರದ ಪುಸ್ತಕಗಳನ್ನಷ್ಟೇ ಇಟ್ಟು ಮಕ್ಕಳು ಓದುವುದಿಲ್ಲವೆಂದು ದೂರುವುದು ಸಲ್ಲದು.

ಈ ಜಿಲ್ಲೆಯಲ್ಲಿ ಮನೆಮಾತು ತೆಲುಗು, ಉರ್ದು, ತಮಿಳು ಆಗಿರುವವರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಬಹಳ ಮಂದಿ ಓದುವುದು ಕನ್ನಡವನ್ನೇ. ತಮ್ಮ ಮಾತಿನ ಕೆಲವು ಪುಸ್ತಕಗಳೂ ಕಪಾಟಿನಲ್ಲಿ ಕಂಡರೆ ಗ್ರಂಥಾಲಯ ಅವರಿಗೂ ಆಪ್ತವಾಗುತ್ತದೆ.

ಓದುವ ಬೆಳಕು

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್ 14ರ ಮಕ್ಕಳ ದಿನದಂದು ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಗ್ರಾಮೀಣಾಭಿವೃದ್ಧಿ ಇಲಾಖೆ ಆರಂಭಿಸಿತು. 6ರಿಂದ 18 ವರ್ಷದವರಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ ಎಂಬುದು ಅದರ ತಿರುಳು. ಶಾಲೆಯಿಲ್ಲದೆ, ಸ್ಮಾರ್ಟ್‌ಫೋನಿಲ್ಲದೆ ಮನೆಯಲ್ಲಿ ಉಳಿದ ಮಕ್ಕಳಿಗೆ ಊರಿನ ಗ್ರಂಥಾಲಯ ತೆರೆದುಕೊಂಡಿತು. ರಾಜ್ಯದಲ್ಲಿ ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಹಿರಿಯ ಐ.ಎ.ಎಸ್. ಅಧಿಕಾರಿ ಉಮಾ ಮಹಾದೇವನ್ ಈ ಗ್ರಂಥಾಲಯಗಳ ಪುನಶ್ಚೇತನಕ್ಕೆ ವಿಶೇಷ ಆಸ್ಥೆ ವಹಿಸಿದರು. ಗೋಡೆಗಳಿಗೆ ಬಣ್ಣ, ಮಕ್ಕಳ ಎತ್ತರದ ಕಪಾಟು, ಚಾಪೆ, ಕಂಪ್ಯೂಟರ್ ಬಂದವು. ಗಟ್ಟಿಯಾಗಿ ಓದುವ, ಕತೆ ಕಟ್ಟುವ, ಚದುರಂಗ ಆಡುವ ಚಟುವಟಿಕೆಗಳು ಸೇರಿಕೊಂಡವು. ಊರವರಿಂದ, ದಾನಿಗಳಿಂದ ಪುಸ್ತಕ ಸಂಗ್ರಹಿಸುವ ‘ಪುಸ್ತಕ ಜೋಳಿಗೆ’ಯಂಥ ಅಭಿಯಾನಗಳೂ ನಡೆದವು.

ಈ ಯೋಜನೆಯ ನಿಜವಾದ ಸಾಧನೆ ಠೇವಣಿಯ ತಡೆಯನ್ನು ತೆಗೆದದ್ದು. ಮಕ್ಕಳು ಪುಸ್ತಕ ಹರಿದುಹಾಕುತ್ತಾರೆಂಬ ಅಂಜಿಕೆ ಮೇಲ್ವಿಚಾರಕರಲ್ಲಿ ಇರುವುದು ಸಹಜ, ಏಕೆಂದರೆ ದಾಸ್ತಾನು ಪರಿಶೀಲನೆಯಲ್ಲಿ ಕಡಿಮೆ ಬಿದ್ದ ಪುಸ್ತಕಕ್ಕೆ ಲೆಕ್ಕ ಕೊಡಬೇಕಾದವರು ಅವರೇ. ಬಳಸಿ ಸವೆದ ಪುಸ್ತಕವನ್ನು ನಷ್ಟವೆಂದು ಎಣಿಸದೆ ಕ್ರಮಬದ್ಧವಾಗಿ ಪಟ್ಟಿಯಿಂದ ತೆಗೆಯಲು ಅವಕಾಶ ಕೊಟ್ಟರೆ, ಬೀರುವಿನ ಬೀಗ ತಾನಾಗಿಯೇ ತೆರೆದುಕೊಳ್ಳುತ್ತದೆ.

ಪುಸ್ತಕ ಬರುವ ದಾರಿ

ಕನ್ನಡ ಪ್ರಕಾಶನದ ಅತಿದೊಡ್ಡ ಗಿರಾಕಿ ಸಾರ್ವಜನಿಕ ಗ್ರಂಥಾಲಯ ಇಲಾಖೆ. ಪ್ರಕಾಶಕರು ಆಯಾ ವರ್ಷದ ಹೊಸ ಪುಸ್ತಕಗಳನ್ನು ಸಲ್ಲಿಸುತ್ತಾರೆ. ಆಯ್ಕೆ ಸಮಿತಿ ಪರಿಶೀಲಿಸುತ್ತದೆ. ಆಯ್ಕೆಯಾದ ಒಂದು ಪುಸ್ತಕದ ಸುಮಾರು 300 ಪ್ರತಿಗಳನ್ನು ಪುಟದ ಲೆಕ್ಕದಲ್ಲಿ ನಿಗದಿಯಾದ ದರಕ್ಕೆ ಕೊಂಡು ರಾಜ್ಯದ ಗ್ರಂಥಾಲಯಗಳಿಗೆ ಹಂಚಲಾಗುತ್ತದೆ. ಇದನ್ನೇ ಏಕಗವಾಕ್ಷಿ ಸಗಟು ಖರೀದಿ ಎನ್ನುತ್ತಾರೆ. 1972ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದಲೂ ಪುಸ್ತಕ ಖರೀದಿಗೆ ನೆರವು ಬರುತ್ತದೆ.

ಈ ಪದ್ಧತಿಯಿಂದ ನೂರಾರು ಸಣ್ಣ ಪ್ರಕಾಶಕರು ಬದುಕಿದ್ದಾರೆ, ಹೊಸ ಲೇಖಕರ ಮೊದಲ ಪುಸ್ತಕಗಳು ಅಚ್ಚಾಗಿವೆ. ಆದರೆ ಖರೀದಿ ವರ್ಷಗಟ್ಟಲೆ ಹಿಂದೆ ಬೀಳುತ್ತದೆ, ಹಣ ತಡವಾಗುತ್ತದೆ ಎಂಬ ಪ್ರಕಾಶಕರ ದೂರು ಹಳೆಯದು. ಓದುಗರ ಕಡೆಯಿಂದ ನೋಡಿದರೆ ಇನ್ನೊಂದು ತೊಡಕಿದೆ: ಎಲ್ಲ ಊರಿಗೂ ಒಂದೇ ಪಟ್ಟಿ. ತ್ಯಾಮಗೊಂಡ್ಲಿನ ಓದುಗರು ಏನು ಕೇಳುತ್ತಿದ್ದಾರೆಂಬುದು ಆಯ್ಕೆ ಸಮಿತಿಯ ಮೇಜಿಗೆ ತಲುಪುವ ದಾರಿ ಕಿರಿದು. ಪ್ರತಿ ಗ್ರಂಥಾಲಯದಲ್ಲೂ ಓದುಗರ ಬೇಡಿಕೆ ಪುಸ್ತಕವಿಟ್ಟು, ವಾರ್ಷಿಕ ಹಣದ ಒಂದು ಪಾಲನ್ನು ಅದರಂತೆ ಖರ್ಚು ಮಾಡುವ ಸ್ವಾತಂತ್ರ್ಯ ಸ್ಥಳೀಯರಿಗೆ ಇರಬೇಕು.

ಎರವಲಿನಿಂದ ಲೇಖಕರಿಗೆ ಸಿಗುವ ಗೌರವಧನದ ಪ್ರಶ್ನೆಯೂ ಇದೆ. ಡೆನ್ಮಾರ್ಕ್ 1946ರಲ್ಲಿ, ಬ್ರಿಟನ್ 1979ರಲ್ಲಿ ಗ್ರಂಥಾಲಯದ ಬಳಕೆಗಾಗಿ ಲೇಖಕರಿಗೆ ಹಣ ಕೊಡುವ ಕಾನೂನು ಮಾಡಿದವು. ಭಾರತದಲ್ಲಿ ಅಂಥ ಕಾನೂನಿಲ್ಲ. ಇಲ್ಲಿ ಲೇಖಕರಿಗೆ ದಕ್ಕುವುದು ಸಗಟು ಖರೀದಿಯ ಮೇಲಿನ ರಾಯಧನ ಮಾತ್ರ.

ಡಿಜಿಟಲ್ ಗ್ರಂಥಾಲಯ

ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರ ಫೆಬ್ರುವರಿಯಲ್ಲಿ ಆರಂಭವಾಯಿತು. ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಬಂದುದರಿಂದ ಅದರ ಬಳಕೆ ಬೇಗ ಹಬ್ಬಿತು. ಮೊಬೈಲಿನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಇ-ಪುಸ್ತಕ, ಪತ್ರಿಕೆ, ಪಾಠದ ವಿಡಿಯೊಗಳನ್ನು ನೋಡಬಹುದು. ವಿದ್ಯಾರ್ಥಿಗಳಿಗೆ ಇದು ವರದಾನ. ಕಾದಂಬರಿ ಓದುಗರಿಗೆ ಪ್ರಯೋಜನ ಅಷ್ಟಿಲ್ಲ. ಜನಪ್ರಿಯ ಕನ್ನಡ ಕಾದಂಬರಿಗಳ ಹಕ್ಕು ಲೇಖಕರ, ಪ್ರಕಾಶಕರ ಕೈಯಲ್ಲಿರುತ್ತದೆ, ಸಣ್ಣ ಪರದೆಯಲ್ಲಿ ಐನೂರು ಪುಟ ಓದುವುದು ಕಣ್ಣಿಗೂ ಕಷ್ಟ. ಸದ್ಯಕ್ಕೆ ರಟ್ಟಿನ ಪುಸ್ತಕವೇ ಬಿಡುವಿನ ಓದಿನ ಮುಖ್ಯ ರೂಪ.

ಸ್ಪರ್ಧಾತ್ಮಕ ಪರೀಕ್ಷೆಯ ಒತ್ತಡ

ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಲ್ಲಿ ಇಂದು ಎದ್ದು ಕಾಣುವವರು ಕೆ.ಎ.ಎಸ್., ಪಿ.ಎಸ್.ಐ., ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುವ ಯುವಕ ಯುವತಿಯರು. ಬೆಂಗಳೂರಿನ ಕೋಚಿಂಗ್ ಸೆಂಟರಿಗೆ ಹಣವಿಲ್ಲದ, ಮನೆಯಲ್ಲಿ ಓದಲು ಜಾಗವಿಲ್ಲದ ಅವರಿಗೆ ಗ್ರಂಥಾಲಯದ ಕುರ್ಚಿ ಬದುಕಿನ ಆಸರೆ. ಅದನ್ನು ಅವರಿಂದ ಕಿತ್ತುಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ ಜಾಗವೂ ಹಣವೂ ಪರೀಕ್ಷೆಯ ಕಡೆಗೇ ವಾಲಿದಾಗ ಕಾದಂಬರಿಯ ಕಪಾಟು ಮೂಲೆ ಸೇರುತ್ತದೆ. ಹಳೆಯ ಪ್ರತಿಗಳಿಗೆ ದೂಳು ಹಿಡಿಯುತ್ತದೆ. ಗ್ರಂಥಾಲಯವೆಂದರೆ ನೌಕರಿ ಹುಡುಕುವವರ ಜಾಗ ಎಂಬ ಭಾವನೆ ಬೆಳೆದು, ಗೃಹಿಣಿಯರು, ಹಿರಿಯರು, ಮಕ್ಕಳು ದೂರ ಸರಿಯುತ್ತಾರೆ. ಈ ಎರಡು ಅಗತ್ಯಗಳು ಒಂದಕ್ಕೊಂದು ಶತ್ರುವಲ್ಲ. ಪರೀಕ್ಷೆಯವರಿಗೆ ಬೇಕಾದುದು ಕುರ್ಚಿ ಮತ್ತು ಮೌನ. ಬಿಡುವಿನ ಓದುಗರಿಗೆ ಬೇಕಾದುದು ಬಾಗಿಲ ಬಳಿ ಒಂದು ತೆರೆದ ಕಪಾಟು ಮತ್ತು ಐದು ನಿಮಿಷ.

ಕತೆ ಓದುವುದು ಕಾಲಹರಣ, ಪಠ್ಯ ಓದುವುದೇ ಓದು ಎಂಬ ತಿಳಿವಳಿಕೆ ಶಾಲೆಗಳಲ್ಲೂ ಮನೆಗಳಲ್ಲೂ ಇನ್ನೂ ಗಟ್ಟಿಯಾಗಿದೆ. ಯುನೆಸ್ಕೊ 1949ರಲ್ಲಿ ಹೊರಡಿಸಿ, 1994 ಮತ್ತು 2022ರಲ್ಲಿ ಪರಿಷ್ಕರಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಶಿಕ್ಷಣ, ಮಾಹಿತಿ, ಸಂಸ್ಕೃತಿಗಳ ಜೊತೆಗೆ ಓದಿನ ಅಭ್ಯಾಸ ಬೆಳೆಸುವುದನ್ನೂ ಗ್ರಂಥಾಲಯದ ಧ್ಯೇಯವಾಗಿ ಎಣಿಸುತ್ತದೆ. ಇಷ್ಟಪಟ್ಟು ಓದಿದ ಮಗುವಿಗೆ ಪಠ್ಯವೂ ಸುಲಭವಾಗುತ್ತದೆಂದು ಅನುಭವವುಳ್ಳ ಶಿಕ್ಷಕರೆಲ್ಲ ಹೇಳುತ್ತಾರೆ. ಆ ಲಾಭ ಇಲ್ಲದಿದ್ದರೂ ದಿನವಿಡೀ ದುಡಿದವರಿಗೆ ಒಂದು ಒಳ್ಳೆಯ ಕತೆಯ ಹಕ್ಕು ಇದ್ದೇ ಇದೆ.

ಸದ್ಯದ ಸ್ಥಿತಿ ಮತ್ತು ಅಗತ್ಯ

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕಾಯಿದೆ ಇದೆ, ಕರವಿದೆ, ಹಳ್ಳಿಯವರೆಗೆ ಹಬ್ಬಿದ ಜಾಲವಿದೆ, ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಕೊರತೆ ಇರುವುದು ಪುಸ್ತಕ ಕಟ್ಟಡದಿಂದ ಹೊರಗೆ ಹೋಗುವಲ್ಲಿ. ವರ್ಷಕ್ಕೆ ಎಷ್ಟು ಪುಸ್ತಕ ಕೊಂಡರು, ಎಷ್ಟು ಕಂಪ್ಯೂಟರ್ ಬಂದವು ಎನ್ನುವ ಲೆಕ್ಕಕ್ಕಿಂತ ಎಷ್ಟು ಪುಸ್ತಕ ಎಷ್ಟು ಮನೆಗೆ ಹೋಗಿ ಬಂದವು ಎನ್ನುವ ಲೆಕ್ಕವೇ ಗ್ರಂಥಾಲಯದ ನಿಜವಾದ ವರದಿ. ಆ ಅಂಕಿಯನ್ನು ಪ್ರತಿ ತಿಂಗಳು ಗ್ರಂಥಾಲಯದ ಬಾಗಿಲಿಗೆ ಅಂಟಿಸುವುದು ಖರ್ಚಿಲ್ಲದ ಸುಧಾರಣೆ.

ಓದುಗರ ಪಾಲಿನ ಕೆಲಸವೂ ಇದೆ. ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ರಸ್ತೆ, ಚರಂಡಿ, ಕುಡಿಯುವ ನೀರಿನ ಜೊತೆಗೆ ಗ್ರಂಥಾಲಯ ಕರದಿಂದ ಬಂದ ಹಣವೆಷ್ಟು, ಅದರಲ್ಲಿ ಪುಸ್ತಕಕ್ಕೆ ಖರ್ಚಾದದ್ದೆಷ್ಟು, ಸಂಜೆ ಎಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ ಎಂದು ಅಲ್ಲಿ ಕೇಳುವ ಹಕ್ಕು ಊರಿನ ಪ್ರತಿ ಮತದಾರರಿಗೂ ಇದೆ. ಕೇಳಿದ ಮೇಲೆ, ಒಂದು ಅರ್ಜಿ ತುಂಬಿ, ಮನೆಯವರೆಲ್ಲರ ಹೆಸರಿನಲ್ಲೂ ಕಾರ್ಡ್ ಮಾಡಿಸಿಕೊಳ್ಳಬೇಕು.